ಎರಡು ಹೆಸರಿನ ಬಸುರಿ

ನಮ್ಮ ಬಾಗಲಕೋಟೆಯ ಹೆಣ್ಣುಮಕ್ಕಳ ದವಾಖಾನೆಯಲ್ಲಿ ಬೆಳಗಿನ ಔಷಧ ಕೊಡುವ ಹೊತ್ತೆಂದರೆ ಒಂದು ಸಣ್ಣ ಸಂತೆ. ಒಬ್ಬ ರೋಗಿಗೆ ಮೂವರು ನೆಂಟರು. ತಾಯಿ, ಅತ್ತೆ, ಚಿಕ್ಕಮ್ಮ, ಅವರ ರೊಟ್ಟಿಯ ಗಂಟು, ಅವರ ಮಾತು. ರೋಗಿಯನ್ನು ಒಂದು ಪ್ರಶ್ನೆ ಕೇಳಿದರೆ ರೋಗಿಯೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಉತ್ತರ ಕೊಡುತ್ತಿದ್ದರು. ನೋವು ಯಾವ ಕಡೆ ಎಂದು ಮಗಳನ್ನು ಕೇಳಿದರೆ ತಾಯಿ ತನ್ನ ಹೊಟ್ಟೆಯನ್ನೇ ಮುಟ್ಟಿ ತೋರಿಸುತ್ತಿದ್ದಳು. ಪುಣೆಯಲ್ಲಿ ದಾದಿಯ ಕೆಲಸ ಕಲಿತು ಬಂದ ನನಗೆ ಮೊದಮೊದಲು ಇದರಿಂದ ತಲೆ ಕೆಡುತ್ತಿತ್ತು, ಆಮೇಲೆ ನಗು ಬರತೊಡಗಿತು. ನಾನೂ ಇದೇ ಸೀಮೆಯವಳಲ್ಲವೆ? ನನ್ನ ತಾಯಿಯನ್ನು ಕರೆತಂದಿದ್ದರೆ ಅವಳೂ ಇದನ್ನೇ ಮಾಡುತ್ತಿದ್ದಳು.

ದವಾಖಾನೆ ಇದ್ದದ್ದು ಹೊಳೆಯ ಕಡೆಗೆ ಇಳಿಯುವ ಓಣಿಯ ಒಂದು ಹಳೆಯ ವಾಡೆಯಲ್ಲಿ. ಮುಂದಿನ ಪಡಸಾಲೆಯಲ್ಲಿ ಬಂದುಹೋಗುವ ರೋಗಿಗಳು, ಒಳಗಿನ ಉದ್ದನೆಯ ಕೋಣೆಯಲ್ಲಿ ಮಲಗುವ ರೋಗಿಗಳ ಮಂಚಗಳು. ಒಬ್ಬರು ಡಾಕ್ಟರು, ಔಷಧ ಕಲಸಿಕೊಡುವ ಒಬ್ಬ ವಯಸ್ಸಾದ ಕಂಪೌಂಡರು, ನಾನು, ಮತ್ತು ನನ್ನ ಕೈಕೆಳಗೆ ದಾದಿಯ ಕೆಲಸ ಕಲಿಯುತ್ತಿದ್ದ ಮೂವರು ಹುಡುಗಿಯರು. ಅವರಲ್ಲಿ ಒಬ್ಬಳು ಇಳಕಲ್ಲಿನವಳು, ಮುಸಲ್ಮಾನ ನೇಕಾರರ ಮನೆಯ ಮಗಳು. ಅವಳ ಅಜ್ಜಿ ಊರಿಗೆಲ್ಲ ಸೂಲಗಿತ್ತಿ. ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಮೆತ್ತಗೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ ನನಗೆ ಆಗ ಅವಳೊಬ್ಬಳೇ ಇದ್ದಳು.

ಔಷಧ ಕೊಡುವ ಮುಂಚೆ ಏನು ಮಾಡಬೇಕೆಂದು ನಾನು ಮೂವರಿಗೂ ಬಾಯಿಪಾಠ ಮಾಡಿಸಿದ್ದೆ. ಬಾಟಲಿಯ ಮೇಲಿನ ಚೀಟಿ ಓದಬೇಕು. ಮಂಚದ ತಲೆಯ ಕಡೆ ಗೋಡೆಗೆ ಅಂಟಿಸಿದ ಕಾಗದ ನೋಡಬೇಕು. ರೋಗಿಯ ಹೆಸರು ಹಿಡಿದು ಕರೆದು, ಅವಳೇ ಹೌದೆಂದು ತಿಳಿದ ಮೇಲೆ ಬಟ್ಟಲು ಬಾಯಿಗೆ ಹಿಡಿಯಬೇಕು. ಪುಣೆಯಲ್ಲಿ ನನಗೆ ಹೇಳಿಕೊಟ್ಟದ್ದು ಹೀಗೆ, ನಾನು ಇವರಿಗೆ ಹೇಳಿಕೊಟ್ಟದ್ದೂ ಹೀಗೆ.

ಆ ವಾರ ಒಳಗಿನ ಕೋಣೆಯಲ್ಲಿ ಇಬ್ಬರು ಹೆಣ್ಣುಮಕ್ಕಳ ಮೇಲೆ ನನ್ನ ಕಣ್ಣಿತ್ತು. ಒಬ್ಬಳು ಶಿರೂರಿನ ಬಾಣಂತಿ, ಹೆಸರು ಬಸವ್ವ. ನಮ್ಮಲ್ಲೇ ಹೆತ್ತಿದ್ದಳು. ಮಗು ಚೆನ್ನಾಗಿತ್ತು, ಆದರೆ ಇವಳಿಗೆ ರಕ್ತ ಹೋಗುವುದು ನಿಂತಿರಲಿಲ್ಲ. ಅದಕ್ಕೆ ಡಾಕ್ಟರು ಅರ್ಗಟ್ ಬರೆದಿದ್ದರು. ಕಂದು ಬಣ್ಣದ, ಒಣಮೀನಿನ ವಾಸನೆ ಹೊಡೆಯುವ ಔಷಧ ಅದು. ಗರ್ಭಕೋಶವನ್ನು ಮುಷ್ಟಿಯಂತೆ ಬಿಗಿಯುವುದು ಅದರ ಕೆಲಸ. ಹೆತ್ತವಳಿಗೆ ಅದು ಪ್ರಾಣ ಉಳಿಸುತ್ತದೆ, ಬಸುರಿಗೆ ಕೊಟ್ಟರೆ ಹೊಟ್ಟೆಯಲ್ಲಿದ್ದ ಕೂಸನ್ನು ಹೊತ್ತಿಗೆ ಮುಂಚೆ ಹೊರಗೆ ದೂಡುತ್ತದೆ.

ಇನ್ನೊಬ್ಬಳು ಏಳು ತಿಂಗಳ ಬಸುರಿ. ಊರ ಅರಿವೆ ಅಂಗಡಿಯವರ ಮನೆಯ ಸೊಸೆ, ಇನ್ನೂ ಹುಡುಗಿ. ಚಳಿಜ್ವರ ಹಿಡಿದು ಅತ್ತೆ ಕರೆತಂದಿದ್ದಳು. ಹೆಸರು ನೀಲವ್ವ ಎಂದು ಅತ್ತೆ ಹೇಳಿದಳು, ಗೋಡೆಯ ಕಾಗದದ ಮೇಲೆ ನೀಲವ್ವ ಎಂದೇ ಬರೆದೆವು. ಅವಳಿಗೆ ಡಾಕ್ಟರು ಬರೆದದ್ದು ಕ್ವಿನೈನು, ಅದೂ ಕಡಿಮೆ ಪ್ರಮಾಣದಲ್ಲಿ. ಎರಡು ದಿನಕ್ಕೆ ಹುನಗುಂದದ ಕಡೆಯಿಂದ ಅವಳ ತಾಯಿ ಬಂದಳು. ಅತ್ತೆ ಮನೆಗೆ ಹೋದಳು, ತಾಯಿ ಮಂಚದ ಪಕ್ಕ ಕೂತಳು.

ಈಗ ಆ ದಿನದ ಬೆಳಗಿಗೆ ಬರುತ್ತೇನೆ. ಡಾಕ್ಟರು ಸಿಡುಬು ಬರದಂತೆ ದೇವಿ ಹಾಕಿಸುವ ಕೆಲಸದ ತಪಾಸಣೆಗೆಂದು ಹಿಂದಿನ ದಿನವೇ ರೈಲು ಹತ್ತಿ ಬಾದಾಮಿಗೆ ಹೋಗಿದ್ದರು. ಇಳಕಲ್ಲಿನ ಹುಡುಗಿ ಅಣ್ಣನ ಮದುವೆ ಮುಗಿಸಿಕೊಂಡು ಆ ಮುಂಜಾನೆಯಷ್ಟೇ ಮರಳಿದ್ದಳು. ಹಾಗಾಗಿ ಈ ಇಬ್ಬರನ್ನೂ ಅವಳು ಅದಕ್ಕೆ ಮುಂಚೆ ನೋಡಿರಲಿಲ್ಲ. ನಾನು ಪಡಸಾಲೆಯಲ್ಲಿ ಒಬ್ಬ ಮುದುಕಿಯ ಬೆನ್ನಿನ ಕುರು ಒಡೆಸಿ ತೊಳೆಯುತ್ತಿದ್ದೆ. ಹುಡುಗಿ ಬಟ್ಟಲುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋದದ್ದು ಕಂಡಿತು. ಅವಳ ದನಿಯೂ ಕೇಳಿಸಿತು.

"ಬಸವ್ವ ಯಾರರಿ?"

"ಇಲ್ಲೇ ಅದಾಳ ನೋಡವಾ ನಮ್ಮ ಬಸವ್ವ. ಕೌದಿ ಹೊದ್ದು ಮಕ್ಕೊಂಡಾಳ. ಏ ಬಸಿ, ಏಳು, ಔಷಧ ತಂದಾರ."

"ಬಸವ್ವ ನೀನ ಏನವಾ?"

"ಹೂಂ."

ಇಷ್ಟೇ ಮಾತು. ಕೇಳಿಸಿಕೊಂಡ ನನಗೂ ಏನೂ ಅನಿಸಲಿಲ್ಲ, ಏಕೆಂದರೆ ಎಲ್ಲವೂ ನಾನು ಹೇಳಿಕೊಟ್ಟ ಹಾಗೆಯೇ ನಡೆದಿತ್ತು. ನಾನು ಮುದುಕಿಯ ಬೆನ್ನಿಗೆ ಪಟ್ಟಿ ಕಟ್ಟಿ, ಕೈ ತೊಳೆದು ಒಳಗೆ ಹೋದಾಗ ಕೋಣೆಯ ಮೂಲೆಯ ಮಂಚದಿಂದ ಶಿರೂರಿನ ಬಾಣಂತಿಯ ನೆಗೆಣ್ಣಿ ಗದರಿಸಿದಳು.

"ಬಾಯಾರ, ಎಲ್ಲಾರಿಗೂ ಔಷಧ ಕೊಟ್ರಿ, ನಮ್ಮಾಕಿಗೆ ಯಾವಾಗ ಕೊಡ್ತೀರಿ? ಬೆಳಗಿನಿಂದ ಅರಿವಿ ಮ್ಯಾಲೆ ಅರಿವಿ ಬದಲಿ ಮಾಡಾಕತ್ತೀನಿ."

ನಾನು ಹುಡುಗಿಯ ಕಡೆ ನೋಡಿದೆ. ಅವಳು ಖಾಲಿ ಬಟ್ಟಲು ತೊಳೆಯುತ್ತಿದ್ದಳು.

"ಬಸವ್ವಗ ಕೊಟ್ಟೀನಲ್ರಿ," ಎಂದು ಅವಳು ಕಿಟಕಿಯ ಮಂಚದ ಕಡೆ ಕೈ ಮಾಡಿದಳು. "ಕಾಗದನೂ ನೋಡೀನಿ, ಹೆಸರೂ ಕೇಳೀನಿ."

ಕಿಟಕಿಯ ಮಂಚದ ತಲೆಯ ಕಡೆ ಗೋಡೆಯ ಮೇಲೆ ಬಸವ್ವ ಎಂದೇ ಬರೆದಿತ್ತು. ಮಂಚದ ಮೇಲೆ ಕೌದಿ ಹೊದ್ದು ಮಲಗಿದ್ದವಳು ಮಾತ್ರ ಬಸುರಿ ನೀಲವ್ವ.

ನಡೆದದ್ದು ಏನೆಂದು ಆಮೇಲೆ ತಿಳಿಯಿತು. ಬಾಣಂತಿಗೆ ಗಾಳಿ ತಾಗಬಾರದೆಂಬುದು ನಮ್ಮ ಕಡೆಯ ಪ್ರತಿಯೊಂದು ಮನೆಯ ಕಟ್ಟಳೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬಾಗಿಲಿಗೆ ಪರದೆ. ಶಿರೂರಿನವರು ತಮ್ಮ ಬಾಣಂತಿಯನ್ನು ಕಿಟಕಿಯ ಪಕ್ಕ ಮಲಗಿಸಿದ್ದಾರೆಂದು ಬಂದ ದಿನದಿಂದ ಗೊಣಗುತ್ತಿದ್ದರು. ಅತ್ತ ಮೂಲೆಯ ಮಂಚದ ಮೇಲಿದ್ದ ಜ್ವರದ ಹುಡುಗಿಗೆ ಉಸಿರು ಕಟ್ಟಿದಂತಾಗಿ ಗಾಳಿ ಬೇಕಿತ್ತು. ಹಿಂದಿನ ಸಂಜೆ ಎರಡೂ ಕಡೆಯ ಹೆಂಗಸರು ಮಾತಾಡಿಕೊಂಡು, ಯಾರನ್ನೂ ಕೇಳದೆ, ಸಲೀಸಾಗಿ ಮಂಚ ಅದಲುಬದಲು ಮಾಡಿಕೊಂಡಿದ್ದರು. ಜನ ಸರಿದರು, ಗೋಡೆಯ ಕಾಗದ ಇದ್ದಲ್ಲೇ ಉಳಿಯಿತು.

ಇನ್ನು ಹೆಸರಿನ ಮಾತು. ಬಸುರಿ ಹುಡುಗಿಗೆ ಹುಟ್ಟಿದಾಗ ಇಟ್ಟ ಹೆಸರು ಬಸವ್ವ. ಮದುವೆಯಾಗಿ ಬಂದರೆ ಅತ್ತೆಯ ಹೆಸರೂ ಬಸವ್ವ. ಗಂಡನಾದವನು ತಾಯಿಯ ಹೆಸರು ಹಿಡಿದು ಹೆಂಡತಿಯನ್ನು ಕೂಗುವುದುಂಟೆ? ಅಕ್ಕಿ ಹಾಕಿದ ದಿನವೇ ಸೊಸೆಗೆ ನೀಲವ್ವ ಎಂದು ಹೆಸರು ಬದಲಿಸಿದ್ದರು. ನಮ್ಮ ಸೀಮೆಯಲ್ಲಿ ಇದು ದಿನನಿತ್ಯದ ಸಂಗತಿ. ಅತ್ತೆ ಇದ್ದಾಗ ಅವಳು ನೀಲವ್ವ, ತಾಯಿ ಬಂದರೆ ಬಸವ್ವ. ಎರಡಕ್ಕೂ ಅವಳು ಹೂಂ ಎನ್ನುತ್ತಿದ್ದಳು, ಎರಡೂ ಖರೆಯೇ ಇದ್ದವು.

ಇದನ್ನೆಲ್ಲ ಬಿಡಿಸಿ ನೋಡುವ ಹೊತ್ತು ಅದಾಗಿರಲಿಲ್ಲ. ಮೊದಲು ಮಾಡಿದ ಕೆಲಸ ಯಾವುದೆಂದು ನನ್ನ ವಿದ್ಯಾರ್ಥಿನಿಯರಿಗೆ ನಾನು ಇಂದಿಗೂ ಒತ್ತಿ ಹೇಳುತ್ತೇನೆ. ಒಂದು ಬಟ್ಟಲು ಅರ್ಗಟ್ ಬೇಡದವಳ ಹೊಟ್ಟೆಗೆ ಹೋಗಿದೆ ಎಂದರೆ ಬೇಕಾದವಳ ಹೊಟ್ಟೆಗೆ ಹೋಗಿಲ್ಲ ಎಂದರ್ಥ. ಗಾಬರಿಯಲ್ಲಿ ಅವಳನ್ನು ಮರೆಯುವವರೇ ಹೆಚ್ಚು. ಕಂಪೌಂಡರನ್ನು ಕೂಗಿ ಶಿರೂರಿನ ಬಾಣಂತಿಗೆ ಅವಳ ಪಾಲಿನ ಔಷಧ ತರಿಸಿ ನಾನೇ ಕುಡಿಸಿದೆ. ಇನ್ನೊಬ್ಬ ವಿದ್ಯಾರ್ಥಿನಿಯನ್ನು ಅವಳ ಹೊಟ್ಟೆ ನೀವಲು ಕೂರಿಸಿದೆ. ಅಷ್ಟರಲ್ಲಿ ಒಲೆಯ ಮೇಲಿನ ಬಿಸಿನೀರಿಗೆ ಉಪ್ಪು, ಅರೆದ ಸಾಸಿವೆ ಕಲಸಿ ತರಲು ಇಳಕಲ್ಲಿನ ಹುಡುಗಿಗೆ ಹೇಳಿದೆ.

ಅವಳಿಗೆ ಆಗಲೇ ಎಲ್ಲ ತಿಳಿದಿತ್ತು. ಆದರೂ ತಂಬಿಗೆಯಿಂದ ಒಂದು ಹನಿ ಚೆಲ್ಲದೆ ತಂದಳು.

ಬಸುರಿಯನ್ನು ಎಬ್ಬಿಸಿ ಕೂರಿಸಿದೆವು. "ಕುಡಿ ತಂಗಿ, ಪೂರ್ತಿ ಕುಡಿ, ವಾಂತಿ ಬಂದ್ರ ಬರಲಿ," ಎಂದೆ. ಪಾಪ, ಏನು ಎತ್ತ ಎಂದು ಕೇಳದೆ ಕುಡಿದಳು. ಬೆರಳಿನಿಂದ ಗಂಟಲು ಕೆಣಕಿದ ಮೇಲೆ ಕಂದು ನೀರು ಹೊರಬಂತು, ಒಣಮೀನಿನ ವಾಸನೆಯೂ ಬಂತು. ಇನ್ನೊಮ್ಮೆ ಕುಡಿಸಿದೆ, ಇನ್ನೊಮ್ಮೆ ಬಂತು. ಎಷ್ಟು ಹೊರಗೆ ಬಂತು, ಎಷ್ಟು ಒಳಗೆ ಉಳಿಯಿತು ಎಂದು ಹೇಳುವ ದಾರಿ ಇರಲಿಲ್ಲ. ಎಡ ಮಗ್ಗುಲಿಗೆ ಮಲಗಿಸಿ, ಕಾಲ ಕಡೆ ಮಂಚದ ಕೆಳಗೆ ಇಟ್ಟಿಗೆ ಇರಿಸಿದೆ. ಕಂಪೌಂಡರನ್ನು ಸ್ಟೇಷನ್ನಿಗೆ ಓಡಿಸಿ ಬಾದಾಮಿಗೆ ತಂತಿ ಕೊಡಿಸಿದೆ. ಉತ್ತರ ಬೇಗನೆ ಬಂತು. ಅಲುಗಾಡಿಸದೆ ಮಲಗಿಸಿ, ಹೊಟ್ಟೆ ಬಿಗಿಯತೊಡಗಿದರೆ ಅಫೀಮಿನ ಅರ್ಕ ಹನಿ ಲೆಕ್ಕದಲ್ಲಿ ಕೊಡಿ, ಸಿಕ್ಕ ರೈಲಿಗೆ ಬರುತ್ತೇನೆ ಎಂದು ಡಾಕ್ಟರು ತಿಳಿಸಿದ್ದರು.

ತಾಯಿ ಮಾತ್ರ ಏನೂ ಅರಿಯದೆ, ಕ್ವಿನೈನು ಪಿತ್ತ ಕೆರಳಿಸಿತೆಂದುಕೊಂಡು ಮಗಳ ಬೆನ್ನು ಸವರುತ್ತಿದ್ದಳು. ಅವಳಿಗೆ ಹೇಳುವುದೋ ಬಿಡುವುದೋ ಎಂಬ ಪ್ರಶ್ನೆ ಆಗ ಎದ್ದಿತು. ಕಂಪೌಂಡರು ನನ್ನನ್ನು ಔಷಧದ ಕಪಾಟಿನ ಹಿಂದಕ್ಕೆ ಕರೆದು ದನಿ ತಗ್ಗಿಸಿದರು.

"ಸುಮ್ಮನಿರ್ರಿ ಬಾಯಾರ. ಹೇಳಿದ್ರ ಏನಾಗ್ತದ ಗೊತ್ತೇನು? ನಾಳಿಂದ ಈ ದವಾಖಾನಿ ಕಡೆ ಒಂದು ಹೆಣ್ಣುಮಗಳು ಹಾಯಂಗಿಲ್ಲ. ಮೊದಲ ಜನಾ ಅಂಜತಾರ. ಈಕಿಗೆ ಏನೂ ಆಗಲಿಲ್ಲ ಅಂದ್ರ ಎಲ್ಲಾ ಅಲ್ಲಿಗೇ ಮುಗೀತು."

ಅವರು ಕೆಟ್ಟ ಮನುಷ್ಯರಲ್ಲ. ಓಣಿ ಓಣಿ ತಿರುಗಿ, ಹೆಂಗಸರನ್ನು ಒಪ್ಪಿಸಿ, ಈ ಮಂಚಗಳನ್ನು ತುಂಬಿಸಲು ಪಟ್ಟ ಪಾಡು ಅವರಿಗೆ ಗೊತ್ತಿತ್ತು. ನನಗೂ ಒಂದು ಗಳಿಗೆ ಹಾಗೇ ಅನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಹೊಟ್ಟೆ ಬಿಗಿಯುವುದು ಮೊದಲು ತಿಳಿಯುವುದು ಯಾರಿಗೆ? ಅದನ್ನು ಹೊತ್ತವಳಿಗೆ. ಏನು ನಡೆದಿದೆ ಎಂದು ಗೊತ್ತಿಲ್ಲದವಳು ಜ್ವರದ ನೋವೆಂದುಕೊಂಡು ಹಲ್ಲು ಕಚ್ಚಿ ಮಲಗುತ್ತಾಳೆ. ನಮ್ಮ ಹೆಣ್ಣುಮಕ್ಕಳಿಗೆ ಕಲಿಸಿದ್ದೇ ಅದು, ನೋವನ್ನು ಬಾಯಿಬಿಟ್ಟು ಹೇಳಬಾರದು. ಹೇಳದೆ ಇದ್ದರೆ ನನ್ನ ಕಾವಲಿಗೆ ಕಣ್ಣೇ ಇಲ್ಲದಂತಾಗುತ್ತಿತ್ತು.

"ಹೇಳ್ತೇನಿ," ಎಂದೆ. "ಬೈಸ್ಕೊಳ್ಳೋದಿದ್ರ ಬೈಸ್ಕೋತೇನಿ."

ಮಂಚದ ಪಕ್ಕ ಕೂತು ತಾಯಿ ಮಗಳಿಬ್ಬರಿಗೂ ಹೇಳಿದೆ. ಬಾಣಂತಿಯ ಔಷಧ ಹುಡುಗಿಯ ಹೊಟ್ಟೆಗೆ ಹೋಗಿದೆ, ಅದು ಹೊಟ್ಟೆಯನ್ನು ಬಿಗಿಯುತ್ತದೆ, ಆದಷ್ಟನ್ನು ಹೊರಗೆ ತೆಗೆದಿದ್ದೇವೆ, ಉಳಿದದ್ದಕ್ಕೆ ಕಾಯಬೇಕು ಎಂದೆ. ಇಳಕಲ್ಲಿನ ಹುಡುಗಿ ನನ್ನ ಹಿಂದೆಯೇ ನಿಂತಿದ್ದಳು. "ಕೊಟ್ಟಾಕಿ ನಾನರಿ," ಎಂದು ಅವಳೂ ಹೇಳಿದಳು.

ತಾಯಿ ಎದ್ದು ನಿಂತಳು. ಅವಳು ಕೂಗಲಿಲ್ಲ. ಕೂಗಿದ್ದರೆ ನನಗೆ ಹಗುರವಾಗುತ್ತಿತ್ತು.

"ನಮ್ಮ ಮನ್ಯಾಗ ಮೊದಲನೇ ಮೊಮ್ಮಗು ಇದು," ಎಂದಳು. "ನಿಮ್ಮನ್ನ ನಂಬಿ ತಂದು ಮಲಗಿಸಿದ್ವಿ. ಈಗ ಹೊಂಟೆ. ಗಾಡಿ ಹೂಡಸ್ತೇನಿ, ನನ್ನ ಮಗಳನ್ನ ನಮ್ಮೂರಿಗೆ ಒಯ್ತೇನಿ. ಹುಟ್ಟೋದೂ ಹೋಗೋದೂ ನಮ್ಮ ಮನ್ಯಾಗ ಆಗಲಿ."

ಅವಳ ತಮ್ಮ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಗಾಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ಎತ್ತುಗಳನ್ನು ತರಲು ಹೊರಟ. ಹುನಗುಂದದ ಕಡೆಯ ದಾರಿ ನನಗೆ ಗೊತ್ತಿತ್ತು. ಕಲ್ಲು, ಕೊರಕಲು, ಎರೆಮಣ್ಣಿನ ಗಾಲಿಜಾಡು. ಅರ್ಗಟ್ ಏನೂ ಮಾಡದೆ ಬಿಟ್ಟರೂ ಆ ಗಾಡಿಯ ಕುಲುಕಾಟ ಬಿಡುತ್ತಿರಲಿಲ್ಲ. ನಾನು ಮೊದಲು ಬುದ್ಧಿವಾದ ಹೇಳಿದೆ, ಕೈ ಮುಗಿದೆ, ಡಾಕ್ಟರು ಬರುತ್ತಾರೆ ಎಂದೆ. ಒಂದೂ ನಾಟಲಿಲ್ಲ. ಅವಳು ರೊಟ್ಟಿಯ ಗಂಟು ಕಟ್ಟತೊಡಗಿದಳು.

ಅದೇ ಹೊತ್ತಿಗೆ ಬಸುರಿ ಹುಡುಗಿ "ಯವ್ವಾ" ಎಂದಳು. ಅವಳ ಹೊಟ್ಟೆಯ ಮೇಲೆ ಕೈ ಇಟ್ಟೆ. ಕೈಕೆಳಗೆ ಬಿಗಿಯುತ್ತ ಬಂತು. ನಾನು ಮಾತು ಬಿಟ್ಟು, ತಾಯಿಯ ಕೈ ಹಿಡಿದು ಎಳೆದು, ನನ್ನ ಕೈ ಇದ್ದಲ್ಲೇ ಇಟ್ಟೆ.

"ನೋಡ್ರಿ. ನೀವೂ ಹಡದೀರಿ, ನಿಮಗ ಹೇಳಿಕೊಡಬೇಕೇನು? ಕಲ್ಲಾಗಾಕತ್ತೇದ. ಇಂಥಾದ್ರಾಗ ಗಾಡಿ ಹತ್ತಿಸ್ತೀರಿ? ಹತ್ತಿಸೂದಿದ್ರ ಹತ್ತಸ್ರಿ, ನಾ ಅಡ್ಡ ಬರಂಗಿಲ್ಲ."

ಅವಳ ಕೈ ಅಲ್ಲೇ ಇತ್ತು. ಬಿಗಿತ ಏರಿತು, ನಿಂತಿತು, ಮೆಲ್ಲಗೆ ಸಡಿಲಾಯಿತು. ಐದು ಮಕ್ಕಳನ್ನು ಹೆತ್ತ ಕೈ ಅದು, ನಾನು ಬಾಯಲ್ಲಿ ಹೇಳಲಾಗದ್ದನ್ನು ಅದು ತಾನೇ ತಿಳಿದುಕೊಂಡಿತು. ತಾಯಿ ಮಂಚದ ಅಂಚಿಗೆ ಕೂತಳು. ಗಾಡಿ ತಂದಿದ್ದೇನೆ ಎಂದು ಅವಳ ತಮ್ಮ ಹೊರಗಿನಿಂದ ಕೂಗಿದಾಗ, "ಎತ್ತಿನ ಕೊಳ್ಳ ಹರಿ, ಮೇವು ಹಾಕು," ಎಂದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಅಫೀಮಿನ ಅರ್ಕವನ್ನು ನಾನು ಹನಿಸಿದೆ. ಕಂಪೌಂಡರು ಎಣಿಸಿದರು. ಕುಡಿಸುವ ಮುಂಚೆ ಇಬ್ಬರೂ ಬಾಟಲಿಯ ಚೀಟಿಯನ್ನು ಗಟ್ಟಿಯಾಗಿ ಓದಿದೆವು. ಆ ಮಧ್ಯಾಹ್ನವೆಲ್ಲ ಹೊಟ್ಟೆ ಬಿಗಿಯುವುದು, ಬಿಡುವುದು ನಡೆದೇ ಇತ್ತು. ತಾಯಿಯ ಕೈ ಹೊಟ್ಟೆಯಿಂದ ಕದಲಲಿಲ್ಲ. "ಬಂತು," ಎನ್ನುತ್ತಿದ್ದಳು, ಸ್ವಲ್ಪ ಹೊತ್ತಿಗೆ "ಹೋತು" ಎನ್ನುತ್ತಿದ್ದಳು. ಈ ಎರಡು ಮಾತಿನ ಹೊರತು ಅವಳಿಗೂ ನನಗೂ ಬೇರೆ ಮಾತಿಲ್ಲ. ನಾನು ಮರದ ಕೊಳವೆ ಹಚ್ಚಿ ಕೂಸಿನ ಎದೆಬಡಿತ ಕೇಳುತ್ತಿದ್ದೆ, ಬಟ್ಟೆಯಲ್ಲಿ ರಕ್ತ ಕಂಡಿತೇ ಎಂದು ನೋಡುತ್ತಿದ್ದೆ, ಬಸುರಿಯ ಉಸಿರು ಅಫೀಮಿಗೆ ಮಂದವಾಯಿತೇ ಎಂದೂ ನೋಡುತ್ತಿದ್ದೆ.

ನಡುವೆ ಇಳಕಲ್ಲಿನ ಹುಡುಗಿ ಕಾಣಲಿಲ್ಲ. ಹುಡುಕಿದರೆ ಹಿತ್ತಲಲ್ಲಿ ಬಟ್ಟೆಯ ಗಂಟು ಕಟ್ಟಿಕೊಂಡು ಕೂತಿದ್ದಳು.

"ಎಲ್ಲಿಗೆ?"

"ಊರಿಗರಿ. ನನ್ನ ಕೈಲೆ ಈ ಕೆಲಸ ಆಗಂಗಿಲ್ರಿ."

ನನಗೆ ಸಿಟ್ಟು ಬಂತು, ಜೊತೆಗೆ ಕನಿಕರವೂ ಬಂತು. ಸಿಟ್ಟನ್ನೇ ಮುಂದೆ ಮಾಡಿದೆ. "ಇಳಕಲ್ಲಿಗೆ ಹೋಗಿ ಮಗ್ಗದ ಮುಂದ ಕೂತು ಅಳ್ತಿ ಏನು? ಅಳಾಕ ಇಲ್ಲೂ ಜಾಗ ಐತಿ. ಅತ್ತು ಮುಗಿಸಿ, ಮಾರಿ ತೊಳಕೊಂಡು ಬಾ. ಆ ತಾಯಿ ಬೆಳಗಿನಿಂದ ನೀರು ಸೈತ ಕುಡಿದಿಲ್ಲ, ಆಕಿ ಕೈ ಬಿಡಿಸಿ ನಿನ್ನ ಕೈ ಇಡಬೇಕು."

ಬಂದಳು. ತಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕಡೆಗೆ ತಾಯಿ ತುಸು ಸರಿದು ಕೂತು, ಹುಡುಗಿಯ ಕೈಯನ್ನು ತಾನೇ ಹಿಡಿದು ಸರಿಯಾದ ಜಾಗಕ್ಕೆ ಇಟ್ಟು, "ಇಲ್ಲಿ ಹಿಡಿ. ಒತ್ತಬ್ಯಾಡ," ಎಂದಳು.

ಹೊತ್ತು ಇಳಿಯುವ ವೇಳೆಗೆ "ಬಂತು" ಎನ್ನುವುದು ಕಡಿಮೆಯಾಯಿತು. ದೀಪ ಹಚ್ಚುವ ಹೊತ್ತಿಗೆ ಡಾಕ್ಟರು ರೈಲಿನಿಂದಿಳಿದು ಟಾಂಗಾ ಮಾಡಿಕೊಂಡು ಬಂದರು. ಕೋಟಿನ ಧೂಳನ್ನೂ ಝಾಡಿಸದೆ ಮರದ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ತಾಯಿಯ ಕಡೆ ತಿರುಗಿ, "ಕೂಸು ಘಟ್ಟಿ ಅದ. ನಿಮಗಿಂತಾ ಹಟಮಾರಿ," ಎಂದರು. ತಾಯಿ ಆಗ ಅತ್ತಳು. ಮೊದಲನೆಯ ಸಲ ರೊಟ್ಟಿಯ ಗಂಟು ಬಿಚ್ಚಿ ಒಂದು ತುತ್ತು ತಿಂದಳು. ಮರುದಿನ ಬೆಳಗಿಗೆ ಹೊಟ್ಟೆ ಮೆತ್ತಗಿತ್ತು, ಕೂಸು ಒದೆಯುತ್ತಿತ್ತು. ಶಿರೂರಿನ ಬಾಣಂತಿಗೂ ರಕ್ತ ಹಿಡಿತಕ್ಕೆ ಬಂದಿತ್ತು.

ಡಾಕ್ಟರು ಇಳಕಲ್ಲಿನ ಹುಡುಗಿಯನ್ನು ಕರೆಸಿ ದನಿ ಏರಿಸತೊಡಗಿದರು. ನಾನು ನಡುವೆ ಬಾಯಿ ಹಾಕಿದೆ. "ನಾ ಹೇಳಿಕೊಟ್ಟದ್ದರಾಗ ಒಂದೂ ಬಿಟ್ಟಿಲ್ರಿ ಆಕಿ. ಚೀಟಿ ಓದ್ಯಾಳ, ಗ್ವಾಡಿ ನೋಡ್ಯಾಳ, ಹೆಸರು ಕೇಳ್ಯಾಳ. ಮೂರೂ ಹೌದು ಅಂದ್ವು."

ಅವರು ಮೀಸೆ ತಿರುವಿದರು. "ಹಂಗಾದ್ರ ಈ ಬೈಗಳ ನಿಮ್ಮ ನಿಯಮಕ್ಕ ಸಲ್ಲಬೇಕು," ಎಂದರು. "ಬ್ಯಾರೆ ನಿಯಮ ಮಾಡ್ರಿ ಬಾಯಾರ. ನಮ್ಮ ಜನಕ್ಕ ಹೊಂದೂವಂಥಾದ್ದು."

ಹೇಳಿದಷ್ಟು ಸುಲಭವಿರಲಿಲ್ಲ ಅದು. ಮೊದಲು ಗೋಡೆಯ ಕಾಗದ ಕಿತ್ತು, ಹೆಸರು ಬರೆದ ಚೀಟಿಯನ್ನು ಮಂಚಕ್ಕೆ ಕಟ್ಟಿದೆ. ಇವರು ಮಂಚ ಸರಿಸುವುದಿಲ್ಲ, ಜನರನ್ನು ಸರಿಸುತ್ತಾರೆ ಎಂಬುದನ್ನು ನಾನೇ ಮರೆತಿದ್ದೆ. ಆಮೇಲೆ ರೋಗಕ್ಕೊಂದು ಬಣ್ಣವೆಂದು ಕೈಗೆ ನೂಲು ಕಟ್ಟಿಸಿದೆ. ಇಳಕಲ್ಲಿನ ಹುಡುಗಿಯೇ ಮನೆಯಿಂದ ಬಣ್ಣದ ನೂಲು ತಂದಳು. ಹೆಂಗಸರಿಗೆ ಅದು ದೇವರ ದಾರವಾಯಿತು. ಯಾವ ದೇವರದು ಎಂದು ಕೇಳಿದರು. ಕೆಂಪು ನೂಲಿನವಳು ಬೇಗ ಗುಣವಾಗಿ ಹೋದದ್ದೇ ತಡ, ಹಸಿರು ನೂಲಿನವರೆಲ್ಲ ಅದನ್ನು ಹರಿದು ಒಗೆದು ಕೆಂಪು ನೂಲು ಸಂಪಾದಿಸಿ ಕಟ್ಟಿಕೊಂಡರು. ಒಂದು ಮುಂಜಾನೆ ನೋಡಿದರೆ ಕೋಣೆಗೆ ಕೋಣೆಯೇ ಕೆಂಪು. ಜೊತೆಗೆ ಬಂದ ನೆಂಟರ ಕೈಯಲ್ಲೂ ಕೆಂಪು. ಕಂಪೌಂಡರು ಕೂಡ ಒಂದು ಕಟ್ಟಿಕೊಂಡಿದ್ದರು, ಮೊಣಕಾಲು ನೋವಿಗೆ.

ಇನ್ನು ಇಂಥವನ ಹೆಂಡತಿ ಎಂದು ಗುರುತು ಹಿಡಿಯೋಣವೆಂದರೆ ಗಂಡನ ಹೆಸರು ಯಾವಳೂ ಬಾಯಿಗೆ ತರುವುದಿಲ್ಲ. ಸೆರಗು ಬಾಯಿಗಿಟ್ಟು ನಗುತ್ತಾರೆ, ಪಕ್ಕದವಳಿಂದ ಹೇಳಿಸುತ್ತಾರೆ. ಪಕ್ಕದವಳ ಮಾತನ್ನು ನಂಬಿಯೇ ನಾವು ಇಷ್ಟು ಅನುಭವಿಸಿದ್ದು.

ಹೀಗೆ ಒಂದೊಂದನ್ನೇ ಮಾಡಿ, ಒಂದೊಂದರಲ್ಲೂ ಸೋತ ಮೇಲೆ ಒಂದು ಸಂಗತಿ ನನಗೆ ತಿಳಿಯಿತು. ನಾವು ಕೇಳುತ್ತಿದ್ದ ಪ್ರಶ್ನೆಗಳಿಗೆಲ್ಲ ಹೂಂ ಎಂದರೆ ಸಾಕಿತ್ತು. ದೊಡ್ಡವರು ಏನು ಕೇಳಿದರೂ ಹೂಂ ಎನ್ನುವುದು ನಮ್ಮಲ್ಲಿ ಮರ್ಯಾದೆ. ಆದ್ದರಿಂದ ಹೂಂ ಎಂದು ಮುಗಿಸಲಾಗದ ಹಾಗೆ ಕೇಳಬೇಕೆಂದು ಗೊತ್ತುಮಾಡಿದೆ. ಬಂದು ಸೇರಿದ ದಿನವೇ ತವರುಮನೆಯ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಬರೆಯುವುದು. ಔಷಧ ಕೊಡುವಾಗ ಹೆಸರನ್ನು ನಾವು ಹೇಳುವುದಿಲ್ಲ, ಅವಳೇ ಹೇಳಬೇಕು. ನಿನಗೆ ಏನಾಗಿದೆ ಎಂಬುದನ್ನೂ ಅವಳ ಬಾಯಿಂದಲೇ ಕೇಳಬೇಕು. ಜ್ವರ ಎನ್ನುವವಳ ಮುಂದೆ ಬಾಣಂತಿಯ ಬಟ್ಟಲು ಹಿಡಿದಿದ್ದರೆ ಅಲ್ಲೇ ಕೈ ನಿಲ್ಲುತ್ತದೆ.

ನಿಯಮ ಚೆನ್ನಾಗಿತ್ತು, ನಡೆಸುವುದು ಕಷ್ಟವಾಗಿತ್ತು. ರೋಗಿ ಬಾಯಿ ತೆರೆಯುವ ಮುಂಚೆ ತಾಯಿ ಹೇಳಿ ಮುಗಿಸಿರುತ್ತಿದ್ದಳು. ಸುಮ್ಮನಿರಿ ಎಂದರೆ ಮುನಿಸು. ಇದಕ್ಕೆ ಉಪಾಯ ಹುಡುಕಿದವಳು ಇಳಕಲ್ಲಿನ ಹುಡುಗಿ. ಕಹಿ ಔಷಧದ ಮೇಲೆ ಬಾಯಿಗೆ ಹಾಕಿಕೊಳ್ಳಲೆಂದು ರೋಗಿಗೆ ಒಂದು ಚೂರು ಬೆಲ್ಲ ಕೊಡುವ ರೂಢಿಯಿತ್ತು. ಅವಳು ಅದನ್ನು ಮೊದಲು ನೆಂಟರಿಗೆ ಕೊಡತೊಡಗಿದಳು. ದೊಡ್ಡ ಚೂರು, ಗಟ್ಟಿ ಚೂರು. "ತಗೊಳ್ರಿ ದೊಡ್ಡವ್ವ, ಮುಂಜಾನಿಂದ ಕೂತೀರಿ," ಎಂದು ಬಾಯಿಗೇ ಇಡುತ್ತಿದ್ದಳು. ಅವರು ಬೆಲ್ಲ ಅಗಿಯುತ್ತಿರುವಷ್ಟರಲ್ಲಿ ರೋಗಿಯ ಕಡೆ ತಿರುಗಿ, "ನಿನ್ನ ಹೆಸರು ಹೇಳವಾ, ನಿನಗೇನಾಗೇದ ಹೇಳು," ಎಂದು ಕೇಳಿ ಮುಗಿಸುತ್ತಿದ್ದಳು. ಬೆಲ್ಲ ಇಷ್ಟು ಬೇಗ ಹೇಗೆ ಖಾಲಿಯಾಗುತ್ತದೆ ಎಂದು ಕಂಪೌಂಡರು ಗೊಣಗಿದರು. ಇದು ಔಷಧದ ಲೆಕ್ಕಕ್ಕೇ ಸೇರಿದ್ದು ಎಂದು ಡಾಕ್ಟರು ನಕ್ಕರು.

ತಿಂಗಳು ತುಂಬುವ ಹೊತ್ತಿಗೆ ಆ ತಾಯಿ ಮಗಳನ್ನು ಮತ್ತೆ ಕರೆತಂದಳು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಹಾಗಿದ್ದೂ ಬಾಗಲಕೋಟೆಯ ತನ್ನ ತಂಗಿಯ ಮನೆಯಲ್ಲಿ ಉಳಿದು, ನೋವು ಕಾಣಿಸಿದ ಕೂಡಲೇ ನಮ್ಮ ಬಾಗಿಲಿಗೆ ಬಂದಳು. "ಖರೆ ಹೇಳಿದ್ರಿ, ಅದಕ್ಕ ಬಂದ್ವಿ," ಎಂದಷ್ಟೇ ಹೇಳಿದಳು. ಕಂಪೌಂಡರು ಕಪಾಟಿನ ಹಿಂದಿನಿಂದ ಅದನ್ನು ಕೇಳಿಸಿಕೊಂಡರು.

ಹೆರಿಗೆ ಹಗಲಲ್ಲೇ ಆಯಿತು. ಹೆಣ್ಣುಕೂಸು, ದೊಡ್ಡ ಗಂಟಲು. ಅದು ಅತ್ತ ದನಿ ಕೇಳಿದಾಗ ನನ್ನ ಎದೆಯೊಳಗೆ ಅಷ್ಟು ದಿನ ಕೂತಿದ್ದ ಭಾರ ಇಳಿಯಿತು. ಸುದ್ದಿ ಮುಟ್ಟಿ ಅತ್ತೆಯೂ ಬಂದಳು. ಹೆತ್ತ ಮೇಲೆ ಕೊಡಬೇಕಾದ ಔಷಧವನ್ನು ಇಳಕಲ್ಲಿನ ಹುಡುಗಿ ಬಟ್ಟಲಲ್ಲಿ ತಂದಳು. ಗಡಿಬಿಡಿಯಲ್ಲಿ ಬೆಲ್ಲ ತರುವುದು ಮರೆತಿದ್ದಳು.

"ನಿನ್ನ ಹೆಸರು ಹೇಳವಾ," ಎಂದಳು.

"ಬಸವ್ವ," ಎಂದಳು ತಾಯಿ.

"ಯಾವ ಬಸವ್ವ? ನಾ ಬಸವ್ವ. ಈಕಿ ನೀಲವ್ವ," ಎಂದಳು ಅತ್ತೆ.

"ಹಡದಾಕಿ ನಾ. ನಾ ಇಟ್ಟ ಹೆಸರು ಹೋಗಂಗಿಲ್ರಿ, ಬೀಗತಿ."

"ಅಕ್ಕಿ ಹಾಕಿದ ಮ್ಯಾಲೆ ಯಾ ಹೆಸರು ಇರ್ತದ, ಊರಾಗ ಕೇಳ್ರಿ."

ಇಬ್ಬರ ನಡುವೆ ಬಟ್ಟಲು ಹಿಡಿದು ಹುಡುಗಿ ನಿಂತೇ ಇದ್ದಳು. ಕುಡಿಸಲಿಲ್ಲ. ಆಗ ಕೌದಿಯ ಒಳಗಿನಿಂದ ಒಂದು ಕೈ ಮೇಲೆ ಬಂದು ಇಬ್ಬರನ್ನೂ ತಡೆಯಿತು. ಅಷ್ಟು ದಿನ ಹೂಂ ಬಿಟ್ಟು ಬೇರೆ ಮಾತು ಆಡದಿದ್ದ ಹುಡುಗಿ ಅದು.

"ಯವ್ವಾ, ಅತ್ತಿ, ಇಬ್ಬರೂ ತಡೀರಿ. ಅಕ್ಕಾರು ನನ್ನ ಕೇಳ್ಯಾರ."

ಅವಳು ಇಳಕಲ್ಲಿನ ಹುಡುಗಿಯ ಕಡೆ ತಿರುಗಿ, ತವರಿನ ಹೆಸರು ಹೇಳಿದಳು, ಗಂಡನ ಮನೆಯ ಹೆಸರು ಹೇಳಿದಳು, ಈಗಷ್ಟೇ ಹಡೆದಿದ್ದೇನೆ ಎಂದು ಹೇಳಿದಳು. ಆಮೇಲೆ ಬಟ್ಟಲಿಗೆ ಕೈ ಚಾಚುತ್ತ, "ಇನ್ನ ನೀವು ಹೇಳ್ರಿ, ಇದು ಯಾತರ ಔಷಧ?" ಎಂದು ಕೇಳಿದಳು.